ಮಗ್ಗಿಯ ಸಾಲುಗಳ ನಡುವೆ

‘ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು’ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುವಾಗ ಅಂಕಿಗಳು ತಾವಾಗಿಯೇ ನಾಲಗೆಗೆ ಹತ್ತುತ್ತವೆ. ಬಾಯಿಪಾಠವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಭಾಗಾಕಾರದ ನಡುವೆ ಏಳೆಂಟ್ಲ ಎಷ್ಟೆಂದು ಬೆರಳು ಮಡಚುತ್ತ ಕೂತ ಮಗುವಿಗೆ ತಾನು ಮಾಡುತ್ತಿದ್ದ ಲೆಕ್ಕವೇ ಮರೆತುಹೋಗುತ್ತದೆ. ಆದರೆ ಗುಣಾಕಾರದ ಗುಣಗಳನ್ನು ಮಗ್ಗಿಯಿಂದ ಬೇರ್ಪಡಿಸಿ, ವರ್ಷಗಟ್ಟಲೆ ತಡವಾಗಿ, ದೊಡ್ಡ ದೊಡ್ಡ ಹೆಸರಿಟ್ಟು ಕಲಿಸುವ ಪದ್ಧತಿ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ.

ಮಗ್ಗಿ ಪುಸ್ತಕದಲ್ಲಿ ಏಳರ ಮಗ್ಗಿಯ ಕೆಳಗೆ ‘ಏಳೆಂಟ್ಲ ಐವತ್ತಾರು’ ಇರುತ್ತದೆ. ಎಂಟರ ಮಗ್ಗಿಯಲ್ಲಿ ‘ಎಂಟೇಳ್ಲ ಐವತ್ತಾರು’. ಇವೆರಡೂ ಒಂದೇ ಎಂದು ಆ ಪುಸ್ತಕ ಎಲ್ಲಿಯೂ ಹೇಳುವುದಿಲ್ಲ. ಮಗು ಎರಡನ್ನೂ ಬೇರೆ ಬೇರೆಯಾಗಿ ಉರು ಹೊಡೆಯುತ್ತದೆ. ಒಂದರಿಂದ ಹತ್ತರವರೆಗಿನ ಮಗ್ಗಿಗಳಲ್ಲಿ ಇರುವುದು 100 ಸಾಲು. ಹಿಂದುಮುಂದಾದರೂ ಗುಣಲಬ್ಧ ಬದಲಾಗದು ಎಂದು ತಿಳಿದರೆ ಅವು 55ಕ್ಕೆ ಇಳಿಯುತ್ತವೆ. ಒಂದರ ಮತ್ತು ಹತ್ತರ ಮಗ್ಗಿಗಳಿಗೆ ಬಾಯಿಪಾಠವೇ ಬೇಡ. ಅವನ್ನು ಬಿಟ್ಟರೆ 36. ಎರಡು ಮತ್ತು ಐದರ ಮಗ್ಗಿ ಮಕ್ಕಳಿಗೆ ಬೇಗ ಒಲಿಯುತ್ತವೆ. ಅವನ್ನೂ ಕಳೆದರೆ ಕಷ್ಟಪಟ್ಟು ಕಲಿಯಬೇಕಾದ ಸಾಲುಗಳು ಕೇವಲ 21. ಲೆಕ್ಕವೆಂದರೆ ಹೆದರುವ ಮಗುವಿಗೆ ಈ ಮಾತನ್ನು ಮೊದಲೇ ಹೇಳಬೇಡವೇ?

ಬರೀ ಹೇಳಿದರೆ ಸಾಲದು, ತೋರಿಸಬೇಕು. ಸ್ಲೇಟಿನ ಮೇಲೆ ಏಳು ಸಾಲು, ಸಾಲಿಗೆ ಎಂಟು ಚುಕ್ಕಿ ಇಡಿಸಿ, ಸ್ಲೇಟನ್ನು ಅಡ್ಡಕ್ಕೆ ತಿರುಗಿಸಿದರೆ ಎಂಟು ಸಾಲು, ಸಾಲಿಗೆ ಏಳು ಚುಕ್ಕಿ. ಒಂದು ಚುಕ್ಕಿಯನ್ನೂ ಯಾರೂ ಅಳಿಸಿಲ್ಲ, ಸೇರಿಸಿಲ್ಲ. ಹಾಗೆಂದು ಏಳು ಮಕ್ಕಳಿಗೆ ಎಂಟೆಂಟು ಪೆನ್ಸಿಲ್ ಕೊಡುವುದೂ ಎಂಟು ಮಕ್ಕಳಿಗೆ ಏಳೇಳು ಕೊಡುವುದೂ ಒಂದೇ ಅಲ್ಲ. ಮೊತ್ತ ಮಾತ್ರ ಒಂದೇ. ಒಳ್ಳೆಯ ಮೇಷ್ಟ್ರು ಈ ವ್ಯತ್ಯಾಸದ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಸೊನ್ನೆಯ ಪಾಡು ಇನ್ನೂ ಕಷ್ಟದ್ದು. ಮಗ್ಗಿ ಶುರುವಾಗುವುದೇ ಒಂದರಿಂದ. ಸೊನ್ನೆ ಕೂಡಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ಕಲಿತ ಮಗು ಅದೇ ಅಭ್ಯಾಸದಲ್ಲಿ 5 × 0 = 5 ಎಂದು ಬರೆಯುತ್ತದೆ. ಐದು ತಟ್ಟೆ ಇಟ್ಟು, ಒಂದರಲ್ಲೂ ಇಡ್ಲಿ ಹಾಕದೆ, ಒಟ್ಟು ಇಡ್ಲಿ ಎಷ್ಟೆಂದು ಕೇಳಿದರೆ ಅದೇ ಮಗು ಸರಿಯಾಗಿ ಹೇಳುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸಂಖ್ಯೆಯನ್ನು ಒಡೆದು ಗುಣಿಸುವ ಗುಣ. ಏಳೆಂಟ್ಲ ಮರೆತರೆ ಐದೆಂಟ್ಲ ನಲವತ್ತು, ಎರಡೆಂಟ್ಲ ಹದಿನಾರು, ಕೂಡಿಸಿದರೆ ಐವತ್ತಾರು. 98 ರೂಪಾಯಿಯ ನಾಲ್ಕು ವಸ್ತುವಿಗೆ ಅಂಗಡಿಯವರು 400ರಲ್ಲಿ 8 ಕಳೆಯುವುದೂ ಇದನ್ನೇ ಬಳಸಿ. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ 135ನ್ನು 12ರಿಂದ ಗುಣಿಸಲು ಒಂದಲ್ಲ, ಹಲವು ದಾರಿ ತೋರಿಸುತ್ತಾರೆ. 12ನ್ನು 8 ಮತ್ತು 4 ಎಂದು ಒಡೆದರೆ 1080, 540; ಕೂಡಿದರೆ 1620. ಅಥವಾ 4ರಿಂದ ಗುಣಿಸಿ, ಬಂದದ್ದನ್ನು 3ರಿಂದ ಗುಣಿಸಿದರೂ 1620. ನಮ್ಮ ತರಗತಿಗಳಲ್ಲಾದರೋ ಎರಡಂಕಿಯ ಗುಣಾಕಾರಕ್ಕೆ ‘ಎರಡನೇ ಸಾಲಿನಲ್ಲಿ ಬಿಡಿ ಸ್ಥಾನಕ್ಕೆ ಸೊನ್ನೆ ಹಾಕು’ ಎಂಬ ಅಪ್ಪಣೆಯಷ್ಟೇ. 23 × 14ರಲ್ಲಿ ಆ ಸಾಲು 23ರ ಹತ್ತರಷ್ಟು, ಆದ್ದರಿಂದ ಸೊನ್ನೆ ಬಂತು ಎಂಬ ಕಾರಣ ಮಗುವಿನ ಕಿವಿಗೆ ಬೀಳುವುದು ಅಪರೂಪ.

ದೊಡ್ಡ ತರಗತಿಗೆ ಬಂದಾಗ ಇವೇ ಸಂಗತಿಗಳು ಪರಿವರ್ತನೀಯ, ಸಹವರ್ತನೀಯ ಎಂಬ ಹೆಸರು ಹೊತ್ತು ಬರುತ್ತವೆ. ‘7 × 8 = 8 × __’ ಎಂಬ ಬಿಟ್ಟ ಸ್ಥಳವನ್ನು ಮಗು ಅಂಕಿಗಳ ಆಕಾರ ನೋಡಿಯೇ ತುಂಬುತ್ತದೆ, ಅಂಕವೂ ಸಿಗುತ್ತದೆ. ಅದೇ ಮಗುವಿಗೆ 25 × 7 × 4 ಕೊಡಿ. ಮೊದಲು 25ನ್ನು 7ರಿಂದ ಗುಣಿಸಿ 175 ಬರೆದು, ದಶಕ ಒಯ್ಯುತ್ತ ಅದನ್ನು 4ರಿಂದ ಗುಣಿಸಲು ಹೊರಟರೆ, 25ರ ಪಕ್ಕಕ್ಕೆ 4ನ್ನು ಕರೆತಂದು ನೂರು ಮಾಡಿಕೊಳ್ಳಬಹುದೆಂದು ಅದಕ್ಕೆ ಯಾರೂ ತೋರಿಸಿಲ್ಲ.