ಕಿತ್ತಳೆ ಚಕ್ರ ಮತ್ತು ಪಾಠಾಂತರ

ಹಳೆಯದನ್ನು ಹೊಸದು ಮಾಡುವವರ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಹಸ್ತಪ್ರತಿಗಳ ಸಂಪಾದನೆಯ ಇತಿಹಾಸವನ್ನು ಓದುತ್ತಿರುವ ಸಂಶೋಧನಾ ವಿದ್ಯಾರ್ಥಿಗೆ ಅದು ಸಹಜ. ಹಿಂದೆ ಯಾರೋ ಸದ್ದಿಲ್ಲದೆ ತಿದ್ದಿದ ಒಂದು ಅಕ್ಷರದ ಜಾಡು ಹಿಡಿದು ತಿಂಗಳುಗಟ್ಟಲೆ ಅಲೆಯುವುದೇ ನಮ್ಮ ಕೆಲಸ. ಅಂಥ ನಾನೇ ಎರಡು ವರ್ಷದ ಹಿಂದೆ ಒಂದು ಹಳೆಯ ಸೈಕಲ್ಲನ್ನು ತಿದ್ದಲು ಕೂತೆ. ಅದರಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದನ್ನು ಒಂದು ಕೃತಿಯನ್ನು ನೋಡುವ ಹಾಗೆಯೇ ಇಲ್ಲಿ ನೋಡಬೇಕೆಂದಿದ್ದೇನೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ. ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ವಾಟರ್‌ಲೂ ಎಂಬ ಪುಟ್ಟ ಊರಿನ ಒಂದು ಕೆಂಪು ಕಣಜದಲ್ಲಿ 1976ರಲ್ಲಿ ಟ್ರೆಕ್ ಕಂಪನಿ ಉಕ್ಕಿನ ಫ್ರೇಮುಗಳನ್ನು ಕೈಯಿಂದ ಬೆಸೆಯಲು ಶುರುಮಾಡಿತು. ಎಂಬತ್ತರ ದಶಕದ ನಡುವಿನ ಅಂಥದೊಂದು ರೋಡ್ ಬೈಕ್ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಗ್ಯಾರೇಜಿನಲ್ಲಿತ್ತು. ಬೂದು ನೀಲಿ ಬಣ್ಣ, ಸಣಕಲು ಕೊಳವೆಗಳು. ಕೊಳವೆಗಳು ಕೂಡುವ ಕಡೆ ಲಗ್ ಎಂಬ ತೋಳು, ಅದರ ಅಂಚು ಎಲೆಯ ತುದಿಯ ಹಾಗೆ ಚೂಪು. ಗೇರ್ ಬದಲಿಸುವ ಸನ್ನೆಗಳು ಹ್ಯಾಂಡಲ್ ಮೇಲಲ್ಲ, ಕೆಳಗಿನ ಓರೆ ಕೊಳವೆಯ ಮೇಲೆ. ಪಠ್ಯಪುಸ್ತಕಗಳ ಬೆಲೆಗೆ ಸೈಕಲ್ ನನ್ನದಾಯಿತು.

ಇಂಥ ಸೈಕಲ್ಲಿನ ವಿಷಯದಲ್ಲಿ ಎರಡು ಪಂಥಗಳಿವೆ. ಒಂದು, ಮೂಲವೇ ಪ್ರಮಾಣ ಎನ್ನುವವರದು. ಇಟಲಿಯ ಟಸ್ಕನಿಯಲ್ಲಿ 1997ರಿಂದ ನಡೆಯುತ್ತಿರುವ ಎಲ್'ಎರೋಯಿಕಾ ಎಂಬ ಸವಾರಿ ಈ ಪಂಥದ ಜಾತ್ರೆ ಇದ್ದಂತೆ. 1987ಕ್ಕೆ ಮೊದಲಿನ ರೋಡ್ ಬೈಕ್, ಓರೆ ಕೊಳವೆಯ ಮೇಲಿನ ಸನ್ನೆ, ಹೊರಗೇ ಕಾಣುವ ಬ್ರೇಕ್ ತಂತಿ ಅಲ್ಲಿಯ ಕಟ್ಟಳೆಗಳು. ಈ ಹಟಕ್ಕೊಂದು ಘನತೆಯಿದೆ: ಆ ಸವಾರಿ ಹುಟ್ಟಿದ್ದು ಅಲ್ಲಿಯ ಬಿಳಿ ಮಣ್ಣಿನ ರಸ್ತೆಗಳನ್ನು ಡಾಂಬರಿನಿಂದ ಉಳಿಸಿಕೊಳ್ಳುವ ಆಸೆಯಿಂದ. ಆದರೆ ವರ್ಷಕ್ಕೊಂದು ದಿನದ ವ್ರತ ಬೇರೆ, ದಿನಾ ಲೈಬ್ರರಿಗೆ ಹೋಗಿಬರುವುದು ಬೇರೆ. ಇಳಿಜಾರಿನಲ್ಲಿ ಒಂದು ಕೈ ಬಿಟ್ಟು ಬಗ್ಗಿ ಗೇರ್ ಹುಡುಕುವಾಗ ಅಪ್ಪ ನೆಟ್ಟ ಆಲದ ಮರದ ಗಾದೆ ನೆನಪಾಗದೆ ಇರದು.

ಇನ್ನೊಂದು ಪಂಥಕ್ಕೆ ಫ್ರೇಮು ಬರಿಯ ಹಂದರ. ಬಣ್ಣ ಕೆರೆದು, ಬೇಕಾದಲ್ಲಿ ತೂತು ಕೊರೆದು, ಎಲ್ಲವನ್ನೂ ಹೊಸದಾಗಿಸಿದರೆ ಕೆಲಸ ಮುಗಿಯಿತು. ನನಗೆ ದಾರಿ ತೋರಿದ್ದು ಕಟ್ಟಡಗಳ ಜೀರ್ಣೋದ್ಧಾರಕ್ಕೆಂದು 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು. ಹೊಸದಾಗಿ ಸೇರಿಸಿದ ಭಾಗ ಹಳೆಯದರ ಜೊತೆ ಹೊಂದಿಕೊಳ್ಳಬೇಕು, ಆದರೆ ಹಳೆಯದೆಂದು ನಂಬಿಸುವಂತಿರಬಾರದು ಎಂಬುದು ಅದರ ಒಂದು ತತ್ವ. ಗ್ರಂಥ ಸಂಪಾದನೆಯಲ್ಲಿ ಊಹಿಸಿ ತುಂಬಿದ ಅಕ್ಷರವನ್ನು ಕಂಸದಲ್ಲಿ ಇಡುತ್ತೇವಲ್ಲ, ಅದೇ ಮಾತು.

ಈ ಅಳತೆಗೋಲು ಹಿಡಿದರೆ ಬದಲಾವಣೆಗಳೆಲ್ಲ ಒಂದೇ ಅಲ್ಲ. ಪೆಡಲ್ಲಿನ ಅಚ್ಚು ಕೂರುವ ಗೂಡನ್ನು ನೋಡಿ. ಅದರ ತಿರುಪಿನ ಅಳತೆ ಬಂದೂಕು ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯ ಹೆಸರಿನದು. ಬಿಎಸ್‌ಎ ಎಸ್‌ಎಲ್‌ಆರ್ ತುಳಿದು ಬೆಳೆದ ನಮಗೆ ಆ ಮೂರಕ್ಷರ ಹೊಸದಲ್ಲ. 1.37 ಅಂಗುಲ ವ್ಯಾಸ, ಅಂಗುಲಕ್ಕೆ 24 ಎಳೆ. ಇಂದಿನ ಅಚ್ಚು ಆ ಹಳೆಯ ಗೂಡಿಗೆ ಮಾತಿಲ್ಲದೆ ಕೂತಿತು. ಶಿಮಾನೊ 1990ರಲ್ಲಿ ತಂದ, ಬ್ರೇಕ್ ಹಿಡಿಯಲ್ಲೇ ಗೇರ್ ಇರುವ ಸನ್ನೆಗಳ ಇಂದಿನ ಜೋಡಿಯೊಂದನ್ನು ಹಾಕಿದೆ. ಓರೆ ಕೊಳವೆಯ ಮೇಲೆ ಹಳೆಯ ಸನ್ನೆ ಕೂರುತ್ತಿದ್ದ ಗುಬ್ಬಿಗಳಿಗೇ ತಂತಿಯ ತಡೆ ಸಿಕ್ಕಿಸಿದೆ. ನಾಳೆ ಬಿಚ್ಚಿದರೆ ಯಾವ ಗಾಯವೂ ಕಾಣದು. ಇದು ಒಳ್ಳೆಯ ಅಡಿಟಿಪ್ಪಣಿ.

ಬ್ರೇಕಿನ ಕಡೆ ಆಸೆ ಬೇರೆ ಇತ್ತು. ಈಗಿನ ಬಹುಪಾಲು ಬ್ರೇಕುಗಳಿಗೆ ಫ್ರೇಮಿನ ಹಿಂಬದಿಯ ತೂತು ಅಗಲವಾಗಬೇಕು. ಡ್ರಿಲ್ ಕೈಯಲ್ಲಿತ್ತು. ಆದರೆ ಹಳೆಯ ಬಗೆಯ ಉದ್ದ ಬೋಲ್ಟಿನ ಹೊಸ ಬ್ರೇಕೂ ಸಿಗುತ್ತದೆಂದು ತಿಳಿದು ತಡೆದೆ. ಕೊರೆದದ್ದನ್ನು ಯಾವ ಟಿಪ್ಪಣಿಯೂ ತುಂಬಿಕೊಡದು.

ಚಕ್ರದ ಮಾತು ಇವೆರಡರ ನಡುವಿನದು. ಹಳೆಯ ಚಕ್ರ 27 ಅಂಗುಲದ್ದು, ಹೊಸದು 700ಸಿ. ಹೆಸರು ಏನೇ ಹೇಳಲಿ, ರಿಮ್ಮಿನ ವ್ಯಾಸಾರ್ಧದಲ್ಲಿ ಹೊಸದು 4 ಮಿಲಿಮೀಟರ್ ಚಿಕ್ಕದು. ಬ್ರೇಕಿನ ತೋಳು ಅಷ್ಟು ಕೆಳಗೆ ಚಾಚಬೇಕು. ಹಿಂದಿನ ಕವಲಿನ ನಡುವೆ ಇದ್ದದ್ದು 126 ಮಿಲಿಮೀಟರ್ ಜಾಗ, ಹೊಸ ಹಬ್ಬಿಗೆ ಬೇಕಾದದ್ದು 130. ಒಂದು ಉದ್ದ ಹಲಗೆಯನ್ನು ಸನ್ನೆಗೋಲಾಗಿಸಿ ಎರಡೂ ಬದಿಯನ್ನು ತಲಾ 2 ಮಿಲಿಮೀಟರ್ ಬಗ್ಗಿಸಿ, ತಲೆಯ ಕೊಳವೆಯಿಂದ ನೂಲು ಕಟ್ಟಿ ನೇರ ನೋಡಿದೆ. ಅಲ್ಯೂಮಿನಿಯಂ, ಕಾರ್ಬನ್ ಇದಕ್ಕೆ ಒಪ್ಪುವುದಿಲ್ಲ, ಉಕ್ಕು ಒಪ್ಪುತ್ತದೆ. ಹಾಗೆಂದು ಒಪ್ಪಿಗೆಯನ್ನು ಮನ್ನಣೆಯೆಂದು ತಿಳಿಯಬಾರದು. ಹಿಂದಕ್ಕೆ ಬಗ್ಗಿಸಬಹುದು, ಲೋಹಕ್ಕೆ ಆದದ್ದು ಆಗಿಯೇ ಇರುತ್ತದೆ.

ಆಮೇಲೆ ಬಣ್ಣ. ನಾನು ಹಾಕಿಸಿದ್ದು ಕಡು ಕಿತ್ತಳೆ ಬಣ್ಣದ ರಿಮ್ಮುಗಳು. ಸ್ನೇಹಿತರು ಮುಖ ಸಿಂಡರಿಸಿದರು. ಹಳೆಯ ಫ್ರೇಮಿಗೆ ಬೆಳ್ಳಿಯಂತೆ ಹೊಳೆಯುವ ರಿಮ್, ಕಂದು ಸೀಟು, ಅದೇ ಬಣ್ಣದ ಟೇಪು ಒಪ್ಪುತ್ತದಂತೆ. ಇಲ್ಲಿ ನನ್ನ ತಕರಾರಿದೆ. ಆ ಬೆಳ್ಳಿಯೂ ಕಳೆದ ವರ್ಷ ಕಾರ್ಖಾನೆಯಿಂದ ಬಂದದ್ದೇ. ಮುಪ್ಪಿನ ವೇಷ ಹಾಕಿಕೊಂಡಿದೆ ಅಷ್ಟೆ. ಹಳಗನ್ನಡದ ಪದ್ಯದಲ್ಲಿ ಬಿಟ್ಟುಹೋದ ಸಾಲನ್ನು ತಾನೇ ಹಳಗನ್ನಡದಲ್ಲಿ ಕಟ್ಟಿ, ಕಂಸ ಹಾಕದೆ ಸೇರಿಸುವ ಸಂಪಾದಕನ ಹಾಗೆ. ಕಿತ್ತಳೆ ಚಕ್ರ ಅಂಥ ಸುಳ್ಳು ಹೇಳುವುದಿಲ್ಲ. ನಾನು ಇಂದಿನವನು, ನನ್ನ ಮೇಲೆ ಕೂತಿರುವ ನೀಲಿ ಅಂದಿನದು ಎಂದು ಬೀದಿಯ ಆಚೆ ಬದಿಗೂ ಕೇಳುವಂತೆ ಹೇಳುತ್ತದೆ.

ಅಲ್ಲದೆ ಬಣ್ಣದ ಚಕ್ರವನ್ನು ಈಚಿನ ನಗರದ ಶೋಕಿ ಎನ್ನುವವರು ನಮ್ಮೂರಿನ ಆಯುಧಪೂಜೆ ನೋಡಿಲ್ಲ. ಕಡ್ಡಿಗಳಿಗೆ ಪ್ಲಾಸ್ಟಿಕ್ ಮಣಿ, ಹಬ್ಬಿಗೆ ಬಣ್ಣದ ಕುಚ್ಚು ಹಾಕಿಸಿದ ಸೈಕಲ್ ಹಾಲಿನ ಕ್ಯಾನನ್ನೂ ಹೊರುತ್ತಿತ್ತು, ಹುಲ್ಲಿನ ಹೊರೆಯನ್ನೂ ಹೊರುತ್ತಿತ್ತು. ಅಲ್ಲಿ ಅಲಂಕಾರ ದುಡಿಮೆಯ ವಿರುದ್ಧ ಪದವಾಗಿರಲಿಲ್ಲ.

ಇಷ್ಟೆಲ್ಲ ವಾದ ಕಟ್ಟಿಕೊಂಡು ಹೆಮ್ಮೆಯಿಂದ ಸೈಕಲ್ಲನ್ನು ಮೇಷ್ಟ್ರ ಮನೆಗೆ ಒಯ್ದೆ. ಅವರು ಸುತ್ತ ಬಂದು ನೋಡಿದರು. ಬೈಯುತ್ತಾರೆಂದುಕೊಂಡಿದ್ದೆ, ನಕ್ಕರು. ಬಣ್ಣ ಚೆನ್ನಾಗಿದೆ ಎಂದರು. ಆಮೇಲೆ ಕೇಳಿದರು: ಹಳೆಯ ಚಕ್ರಗಳು ಎಲ್ಲಿ?

ಕಸದ ದಿನ ಬೀದಿಯ ಅಂಚಿಗೆ ಇಟ್ಟಿದ್ದೆ. ಯಾರೋ ಒಯ್ದಿದ್ದರು, ಇಲ್ಲವೇ ಕಸದ ಗಾಡಿಯೇ ಒಯ್ದಿತ್ತು. ಹಿಂದಿನ ಚಕ್ರ ಅವರು ತಾವೇ ಒಂದೊಂದು ಕಡ್ಡಿ ಸಿಕ್ಕಿಸಿ ಕಟ್ಟಿದ ಮೊದಲನೆಯದಂತೆ. ಅಷ್ಟು ಹೇಳಿ, ಪರವಾಗಿಲ್ಲ ಬಿಡು ಎಂದು ಕಾಫಿ ತರಲು ಒಳಗೆ ಹೋದರು.

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯಂಥ ಪುಸ್ತಕ ಓದಿ ಈ ಶಾಸ್ತ್ರಕ್ಕೆ ಕಾಲಿಟ್ಟವರಿಗೆ ಮೊದಲ ಪಾಠವೇ ಇದು: ಬಿಟ್ಟ ಪಾಠವನ್ನು ಎಸೆಯುವುದಿಲ್ಲ, ಪುಟದ ಅಡಿಗೆ ಇಡುತ್ತೇವೆ. ಸಂಪಾದಕ ತಪ್ಪಿದರೆ ಮುಂದಿನವನು ಅಲ್ಲಿಂದ ದಾರಿ ಕಂಡುಕೊಳ್ಳಲಿ ಎಂದು. ಸೇರಿಸಿದ್ದನ್ನು ಎದ್ದು ಕಾಣಿಸುವ ಪ್ರಾಮಾಣಿಕತೆಯ ಬಗ್ಗೆ ಅಷ್ಟು ಮಾತಾಡಿದ ನಾನು ತೆಗೆದದ್ದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ವೆನಿಸ್ ಸನ್ನದನ್ನು ನಾನು ಅರ್ಧ ಓದಿದ್ದೆ, ನನಗೆ ಬೇಕಾದ ಅರ್ಧ. ಅಂದು ರಾತ್ರಿ ನನ್ನ ಪ್ರಬಂಧದ ಮೂರನೆಯ ಅಧ್ಯಾಯ ತೆರೆದು, ಸ್ಪಷ್ಟವಾಗಿ ತಪ್ಪೆಂದು ನಾನು ಉಲ್ಲೇಖಿಸದೆಯೇ ಕೈಬಿಟ್ಟಿದ್ದ ಪಾಠಾಂತರಗಳನ್ನೆಲ್ಲ ಅಡಿಟಿಪ್ಪಣಿಗೆ ಮತ್ತೆ ಸೇರಿಸತೊಡಗಿದೆ. ಪುಟಗಳು ವಿಕಾರವಾಗಿ ಉದ್ದವಾದವು.

ಈಗ ಕಳಚಿದ ಸನ್ನೆಗಳು, ಹಳೆಯ ಅಚ್ಚು, ಬ್ರೇಕುಗಳು ಒಂದು ಷೂ ಡಬ್ಬದಲ್ಲಿ ಮಂಚದ ಕೆಳಗಿವೆ. ಚಕ್ರಗಳಿಲ್ಲ. ಸೈಕಲ್ ಮಾತ್ರ ದಿನಾ ಓಡುತ್ತಿದೆ. ಈ ಕಿತ್ತಳೆ ಬಳಿದ ಬಣ್ಣವಲ್ಲ, ಅನೋಡೈಸ್ ಮಾಡಿದ್ದು. ಅಲ್ಯೂಮಿನಿಯಂನ ಮೇಲ್ಪದರವೇ ಬಣ್ಣ ಕುಡಿದಿರುತ್ತದೆ. ಆದರೂ ಬ್ರೇಕಿನ ರಬ್ಬರು ತಾಗುವ ಕಡೆ ಎರಡು ಚಳಿಗಾಲಗಳಲ್ಲಿ ಅದು ಸವೆದು, ಒಳಗಿನ ಬೆಳ್ಳಿ ಬಣ್ಣದ ಗೆರೆಯೊಂದು ಸುತ್ತಲೂ ಮೂಡಿದೆ. ಮೊನ್ನೆ ಮೇಷ್ಟ್ರು ಅದನ್ನು ಬೆರಳಿನಿಂದ ಸವರಿ ನೋಡಿ, ಇಷ್ಟು ಬ್ರೇಕ್ ಹಾಕಬೇಡ ಎಂದರು.