ದಡ್ಡ ಎದುರಾಳಿಯ ಪರವಾಗಿ

ಮಾಕಳಿದುರ್ಗದ ಬೆಟ್ಟ ಇಳಿದವರಿಗೆ ಸ್ಟೇಷನ್ನಿನಲ್ಲಿ ಕಾಯುವುದೇ ಎರಡನೇ ಚಾರಣ. ದೊಡ್ಡಬಳ್ಳಾಪುರಕ್ಕೂ ಗೌರಿಬಿದನೂರಿಗೂ ನಡುವಿನ ಈ ಪುಟ್ಟ ನಿಲ್ದಾಣದಲ್ಲಿ ನಿಲ್ಲುವ ಗಾಡಿಗಳು ಬೆರಳೆಣಿಕೆ. ಅವತ್ತು ಬೆಂಚಿನ ಮೇಲೆ ನನ್ನ ಹಳೇ ಚೆಸ್ ಯಂತ್ರವನ್ನು ತೆಗೆದಿಟ್ಟೆ. ಬೆಟ್ಟದ ಮೇಲಿನ ನಂದಿಯ ಜೊತೆ ತೆಗೆದ ಸೆಲ್ಫಿಗಳನ್ನು ನೋಡುತ್ತಿದ್ದ ಹುಡುಗನೊಬ್ಬ ಇಣುಕಿದ. "ಇದನ್ನ ಇನ್ನೂ ಯಾರಾದ್ರೂ ಆಡ್ತಾರಾ ಸಾರ್? ನನ್ನ ಫೋನು ಕಾರ್ಲ್‌ಸನ್‌ನನ್ನೇ ಸೋಲಿಸುತ್ತೆ."

ಅವನು ಹೇಳಿದ್ದು ನಿಜ. ಜಗತ್ತಿನ ಯಾವ ಆಟಗಾರನಿಗೂ ಬಗ್ಗದ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ ಬಿಟ್ಟಿ ಸಿಗುತ್ತದೆ. ಆದ್ದರಿಂದ ಚೆಸ್ ಯಂತ್ರದ ಕಥೆ ಮುಗಿಯಿತು ಎಂಬುದು ಎಲ್ಲರ ತೀರ್ಪು. ನನ್ನ ತಕರಾರು ಆ 'ಆದ್ದರಿಂದ'ದ ಮೇಲೆ.

1977ರಲ್ಲಿ ಅಮೆರಿಕದ ಫಿಡೆಲಿಟಿ ಕಂಪನಿ ಮೊದಲ ಚೆಸ್ ಚಾಲೆಂಜರ್ ಮಾರಿದಾಗ ಅದಕ್ಕಿದ್ದದ್ದು ಒಂದೇ ಮಟ್ಟದ ಆಟ. ಹಾಸಿನ ಅಂಚಿನ ಅಕ್ಷರ, ಅಂಕಿಗಳೂ ಅದಲುಬದಲಾಗಿ ಅಚ್ಚಾಗಿದ್ದವು! ಆದರೂ ಜನ ಕೊಂಡರು. ನಡುರಾತ್ರಿಯಲ್ಲೂ ಎದುರು ಕೂರಲು ಒಬ್ಬರು ಸಿಕ್ಕಿದ್ದರಲ್ಲ. ಕೆಟ್ಟದ್ದು ಆಮೇಲೆ. ಮ್ಯೂನಿಕ್‌ನ ಮೆಫಿಸ್ಟೊ, ಹಾಂಗ್‌ಕಾಂಗ್‌ನ ನೊವಾಗ್, ಸೈಟೆಕ್ ಎಲ್ಲರೂ ಬಲದ ಪೈಪೋಟಿಗೆ ಬಿದ್ದರು. ಸೈಟೆಕ್ ತನ್ನ ಯಂತ್ರಗಳಿಗೆ ವಿಶ್ವ ಚಾಂಪಿಯನ್ ಕಾಸ್ಪರೊವ್ ಹೆಸರನ್ನೇ ಇಟ್ಟಿತು. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಆ ಕಾಸ್ಪರೊವ್‌ನನ್ನೇ ಮಣಿಸಿತು. ಮುಂದೆ ಬಲವೆಂಬುದು ಪುಕ್ಕಟೆ ಸರಕಾಯಿತು. ಅದೊಂದನ್ನೇ ಮಾರುತ್ತಿದ್ದವರ ವ್ಯಾಪಾರ ಕುಸಿಯಿತು. ಫೋನು ಕೊಂದದ್ದು ಯಂತ್ರದ ಜಾಹೀರಾತನ್ನು.

ನನ್ನ ಯಂತ್ರದಲ್ಲಿ ಕಾಯಿಯನ್ನು ನಿಂತ ಮನೆಯಲ್ಲಿ ಒಮ್ಮೆ ಒತ್ತಬೇಕು, ಬೀಪ್. ಹೋಗುವ ಮನೆಯಲ್ಲಿ ಇನ್ನೊಮ್ಮೆ, ಬೀಪ್. ತುಸು ಯೋಚಿಸಿ ಅದು ಅಂಚಿನಲ್ಲಿ ಎರಡು ಕೆಂಪು ದೀಪ ಹೊತ್ತಿಸುತ್ತದೆ, ಅಡ್ಡಸಾಲಿಗೊಂದು, ಉದ್ದಸಾಲಿಗೊಂದು. ಅವೆರಡೂ ಕೂಡುವ ಮನೆಯ ಕಾಯಿಯನ್ನು ಎತ್ತಿ ನಡೆಸುವ ಕೂಲಿ ನಾನೇ. ಎದುರಾಳಿಯ ಕುದುರೆಯನ್ನು ನನ್ನ ಮಂತ್ರಿಯ ಮೇಲೆ ನಾನೇ ಛೂ ಬಿಡಬೇಕು! ಆ ಅರೆಗಳಿಗೆಯಲ್ಲಿ ಅದರ ಹುನ್ನಾರ ಬೆರಳಿಗೆ ತಿಳಿಯುತ್ತದೆ. ಫೋನಿನಲ್ಲಾದರೆ ನಡೆ ಕಣ್ಣೆದುರೇ ಜಾರಿಹೋಗುತ್ತದೆ, ಅದರ ಮೇಲೆ ಮದುವೆಮನೆ ಗ್ರೂಪಿನ ಮೆಸೇಜು ಬೇರೆ.

ಇನ್ನು ದಡ್ಡತನ. ಫೋನಿನ ಎಂಜಿನನ್ನು 'ಸುಲಭ'ಕ್ಕೆ ಇಳಿಸಿ ನೋಡಿ: ಹತ್ತು ನಡೆ ದೇವರಂತೆ ಆಡಿ ಹನ್ನೊಂದನೆಯದರಲ್ಲಿ ಆನೆಯನ್ನು ದಾನ ಮಾಡಿಬಿಡುತ್ತದೆ. ಮಗುವಿನ ಜೊತೆ ಬೇಕೆಂದೇ ಸೋಲುವ ಮಾವನ ಹಾಗೆ. ಹಳೇ ಯಂತ್ರ ಪ್ರಾಮಾಣಿಕವಾಗಿ ದಡ್ಡ. ದೂರದ್ದು ಕಾಣದೆ ಬೀಳುತ್ತದೆ. ಕೊನೆಯಾಟದಲ್ಲಿ ಗುರಿಯಿಲ್ಲದೆ ಆನೆಯನ್ನು ಅತ್ತಿತ್ತ ಅಲೆಸುವುದೂ ಉಂಟು, ಒಪ್ಪುತ್ತೇನೆ. ಟೊರಾಂಟೊ, ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ಹೊರತಂದ ಮಾಯಾ ಎಂಬ ಎಂಜಿನ್, ಅತ್ಯುತ್ತಮ ನಡೆಯನ್ನು ಹುಡುಕುವುದಿಲ್ಲ. ಆಯಾ ಮಟ್ಟದ ಮನುಷ್ಯ ಏನು ಆಡಿಯಾನು ಎಂದು ಊಹಿಸುತ್ತದೆ. ಹಾಸಿನೊಳಗೆ ಕೂರಬೇಕಾದವರು ಇಂಥವರು.

ಬಲವೇ ಎಲ್ಲ ಎನ್ನುವವರು ಶಿವಮೊಗ್ಗದ ಕಿಶನ್ ಗಂಗೊಳ್ಳಿಯವರನ್ನು ನೆನೆಯಲಿ. 2018ರ ಜಕಾರ್ತ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಚೆಸ್ ಚಿನ್ನ ಗೆದ್ದ ದೃಷ್ಟಿ ವಿಕಲ ಆಟಗಾರ. ಅಂಧರ ಹಾಸಿನಲ್ಲಿ ಕಪ್ಪು ಮನೆಗಳು ತುಸು ಎತ್ತರ, ಮನೆಗೊಂದು ತೂತು, ಕಾಯಿಯ ಬುಡಕ್ಕೆ ಕಡ್ಡಿ. ಕರಿ ಕಾಯಿ ಯಾವುದು, ಬಿಳಿ ಯಾವುದು ಎಂಬುದನ್ನು ನೆತ್ತಿಯ ಮೊಳೆ ಹೇಳುತ್ತದೆ. ಬೆರಳಾಡಿಸಿದರೆ ಇಡೀ ರಣರಂಗ ಕಾಣುತ್ತದೆ. ಫೋನಿನ ಗಾಜಿನ ಮೇಲೆ ಕುದುರೆಗೂ ಒಂಟೆಗೂ ಒಂದೇ ನುಣುಪು. ನಡೆಯನ್ನು ಬಾಯಲ್ಲಿ ಹೇಳುವ ಯಂತ್ರವನ್ನು ಫಿಡೆಲಿಟಿ 1980ರ ಹೊತ್ತಿಗೇ ಮಾಡಿತ್ತು. ಅದೇ ಯಂತ್ರ ಕನ್ನಡದಲ್ಲಿ ಕುದುರೆ, ಒಂಟೆ ಎಂದು ಕೂಗಲಿ. ಗ್ರ್ಯಾಂಡ್‌ಮಾಸ್ಟರನ್ನು ಸೋಲಿಸುವ ಉಸಾಬರಿ ಅದಕ್ಕೆ ಬೇಡ.

ಈಗಿನ ಹೊಸ ಹಾಸುಗಳ ದಾರಿ ಬೇರೆ. ಮುಂಬೈಯ ಸ್ಕ್ವೇರ್ ಆಫ್ 2016ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಎತ್ತಿ ಹೊರಟಿತು; ಹಲಗೆಯಡಿಯ ಅಯಸ್ಕಾಂತ ಕಾಯಿಗಳನ್ನು ತಾನೇ ಎಳೆಯುತ್ತದೆ. ನೋಡಲು ಬೆರಗು. ಆದರೆ ಆಡಿಸುವ ಬುದ್ಧಿ ಫೋನಿನ ಆ್ಯಪ್‌ನಲ್ಲಿ. ಹೀಗೆ ಫೋನಿಗೆ ಜೋತುಬಿದ್ದ ಯಾವ ಹಾಸೇ ಆಗಲಿ, ಆ್ಯಪ್ ನಿಂತ ದಿನ ಬರೀ ಹಲಗೆ. ಅದಕ್ಕೇ ನನಗೆ ಡಚ್ಚರ ಡಿಜಿಟಿ ಕಂಪನಿ ತಂದ ಸೆಂಟಾರ್ ಹೆಚ್ಚು ಸರಿ ಕಾಣುತ್ತದೆ: ಫೋನಿನ ಹಂಗಿಲ್ಲ, ಎದುರಿಗಿರುವವರ ಆಟಕ್ಕೆ ತಕ್ಕಂತೆ ತಗ್ಗುತ್ತದೆ, ಕಾಯಿಯನ್ನು ನಾವೇ ಎತ್ತಬೇಕು. ಬೆಲೆ ಮಾತ್ರ ನಮ್ಮ ಸಂಬಳದವರಿಗಲ್ಲ. ಯಂತ್ರ ಸಾಯುವುದಿದ್ದರೆ ಸಾಯುವುದು ಈ ಬೆಲೆಯಿಂದ.

ಹುಡುಗ ಇನ್ನೂ ನಿಂತೇ ಇದ್ದ. "ಒಂದು ನಡೆ ನಾನು ಒತ್ತಲಾ ಸಾರ್?" ಕಾಲಾಳನ್ನು ಒತ್ತಿದ. ಬೀಪ್, ಬೀಪ್. ದೀಪ ಹೊತ್ತಿತು. ಯಂತ್ರದ ಒಂಟೆಯನ್ನು ಎತ್ತಿಕೊಂಡು, ಇನ್ನೂ ಕೆಳಗಿಡುವ ಮೊದಲೇ, "ಅಯ್ಯೋ, ಆನೆ ಹೋಯ್ತು" ಎಂದ.