ಅಂಗಡಿಯ ಕಟ್ಟೆ ಮತ್ತು ನಮ್ಮ ಕಾದಂಬರಿ

ಊರು ಮೊದಲೋ ಪೇಟೆ ಮೊದಲೋ ಎಂಬ ಪ್ರಶ್ನೆಗೆ ದಾವಣಗೆರೆಯ ಮಟ್ಟಿಗೆ ಉತ್ತರ ಸುಲಭ. ಬಿ. ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಸಿದ್ಧಪಡಿಸಿದ ಮೈಸೂರು ಗ್ಯಾಸೆಟಿಯರನ್ನು ತೆರೆದು ನೋಡಿದರೆ, ಈ ಊರು ಒಂದು ಕಾಲಕ್ಕೆ ಬೇತೂರಿನ ಹೊರಕೇರಿಯಾಗಿದ್ದ, ಯಾರೂ ಕೇಳದ ಒಂದು ಹಳ್ಳಿ ಎಂದು ತಿಳಿಯುತ್ತದೆ. ಹೈದರಾಲಿ ಅದನ್ನು ಆಪೋಜಿ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ; ಆತ ವರ್ತಕರನ್ನು ಕರೆದು ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ವಾಲಾಜಾಪೇಟೆಗೆ ಹೋಗುತ್ತಿದ್ದವು. ಈ ಸೀಮೆಯ ಕಂಬಳಿಗೆ ದೂರದಲ್ಲಿಯೂ ಬೆಲೆಯಿತ್ತು. ಇಂದು ಬೇತೂರು ದಾವಣಗೆರೆಯ ಮಗ್ಗುಲಿನ ಹಳ್ಳಿ. ಹೊರಕೇರಿ ಪಟ್ಟಣವಾಯಿತು, ಅದರ ತಾಯೂರು ಹಳ್ಳಿಯಾಗಿಯೇ ಉಳಿಯಿತು. ಈ ಅದಲುಬದಲಿಗೆ ಮುಖ್ಯ ಕಾರಣ ಅಂಗಡಿ.

ಹೀಗೆ ಅಂಗಡಿಯ ಬಲದಿಂದ ಬೆಳೆದ ಊರು ಈಗ ಮತ್ತೊಮ್ಮೆ ಹೊರಮುಖವಾಗಿ ಹಬ್ಬುತ್ತಿದೆ. ಮಂಡಿಪೇಟೆ, ಚೌಕಿಪೇಟೆ, ಕಾಳಿಕಾದೇವಿ ರಸ್ತೆಗಳಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿದವರ ಮಕ್ಕಳು ವಿದ್ಯಾನಗರದಲ್ಲಿ, ನಿಜಲಿಂಗಪ್ಪ ಬಡಾವಣೆಯಲ್ಲಿ, ಶಾಮನೂರಿನ ಸುತ್ತಿನ ಹೊಸ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಮನೆಗಳು ಚೆನ್ನಾಗಿವೆ, ರಸ್ತೆ ಅಗಲವಾಗಿದೆ, ಗಾಳಿ ಬೆಳಕಿಗೆ ಕೊರತೆಯಿಲ್ಲ. ಮದುವೆಯ ಜವಳಿಗೆ ಸುತ್ತಣ ತಾಲ್ಲೂಕುಗಳ ಜನ ಈಗಲೂ ದಾವಣಗೆರೆಗೇ ಬರುತ್ತಾರೆ. ಆದ್ದರಿಂದ ಪೇಟೆಯೇ ಮುಳುಗಿತೆಂದು ಗೋಳಾಡುವುದು ಸತ್ಯಕ್ಕೆ ದೂರವಾದ ಮಾತು. ಸೊರಗುತ್ತಿರುವುದು ಕೇರಿಯ ಮೂಲೆಯ ಕಿರಾಣಿ ಅಂಗಡಿ. 2016ರ ನವೆಂಬರಿನ ನೋಟು ರದ್ದತಿ, 2017ರ ಜುಲೈಯಲ್ಲಿ ಬಂದ ಜಿಎಸ್‌ಟಿ, 2020ರ ಕೊರೋನಾ ದಿಗ್ಬಂಧನ ಒಂದರ ಹಿಂದೊಂದು ಅದರ ಮೇಲೆ ಬಿದ್ದವು. ಈ ನಡುವೆ ದೊಡ್ಡ ಮಳಿಗೆಗಳು ಬಂದವು. ಮೊಬೈಲ್ ಫೋನು ಸರಕನ್ನು ಮನೆಬಾಗಿಲಿಗೇ ತಂದು ಇಳಿಸತೊಡಗಿತು. ಸಕ್ಕರೆ ಬೇಳೆಗಳು ಮೊದಲಿಗಿಂತ ಸಲೀಸಾಗಿ ಮನೆ ಸೇರುತ್ತಿವೆ. ಅವುಗಳ ಜೊತೆಗೆ ಬರುತ್ತಿದ್ದ ಮಾತು ಮಾತ್ರ ಬರುತ್ತಿಲ್ಲ.

ಸಾಹಿತ್ಯದ ಪುಟದಲ್ಲಿ ಸಕ್ಕರೆ ಬೇಳೆಯ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ಸಾಹಿತ್ಯಕ್ಕೂ ಅಂಗಡಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಪುರವನ್ನು ವರ್ಣಿಸಹೊರಟ ಕವಿ ಅದರ ಅಂಗಡಿಬೀದಿಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಅಲ್ಲಿ ಅದು ರಾಜ್ಯದ ಸಂಪತ್ತಿಗೆ ಹಿಡಿದ ಕನ್ನಡಿ. ವಚನಕಾರರ ಕಾಲಕ್ಕೆ ಅಂಗಡಿಬೀದಿಯವರೇ ಕವಿಗಳಾದರು. ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯ, ಬುಟ್ಟಿ ಹೆಣೆದ ಮೇದರ ಕೇತಯ್ಯ ತಮ್ಮ ಕಸುಬಿನ ನಡುವೆಯೇ ಅನುಭಾವವನ್ನು ಕಂಡವರು. ಸಂತೆಯ ಗದ್ದಲವನ್ನು ಲೋಕದ ಸ್ತುತಿನಿಂದೆಗಳಿಗೆ ಹೋಲಿಸಿದ ಅಕ್ಕನ ವಚನ ಎಲ್ಲರಿಗೂ ತಿಳಿದದ್ದೇ. ಲೇವಾದೇವಿಯನ್ನು ಬಿಟ್ಟು ದಾಸರಾದರೆಂದು ಐತಿಹ್ಯವುಳ್ಳ ಪುರಂದರದಾಸರಂತೂ ದೇವರ ನಾಮವನ್ನೇ ಕಲ್ಲುಸಕ್ಕರೆಯಾಗಿ ಮಾರಾಟಕ್ಕಿಟ್ಟರು. ವ್ಯಾಪಾರ ತೊರೆದ ಮೇಲೂ ವ್ಯಾಪಾರದ ಭಾಷೆ ಅವರನ್ನು ತೊರೆಯಲಿಲ್ಲ.

ಆಧುನಿಕ ಕಾದಂಬರಿಗೆ ಬಂದರೆ ಅಂಗಡಿಯ ಕೆಲಸ ಇನ್ನೂ ಸೂಕ್ಷ್ಮವಾಗುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ನೋಡೋಣ. ಪ್ರಾಣೇಶಾಚಾರ್ಯ ಅಗ್ರಹಾರವನ್ನು ಬಿಟ್ಟು ಹೊರಟದ್ದು ಕಾಡಿನ ದಾರಿಯಲ್ಲಿ. ಆದರೆ ಅಗ್ರಹಾರ ಅವನನ್ನು ನಿಜವಾಗಿ ಬಿಡತೊಡಗುವುದು ಮೇಳಿಗೆಯ ಜಾತ್ರೆಯಲ್ಲಿ, ಪುಟ್ಟನೊಡನೆ ಕಾಫಿ ಕುಡಿಯಲು ಹೊಕ್ಕ ಅಂಗಡಿಯಲ್ಲಿ, ಕೋಳಿ ಅಂಕದ ಗದ್ದಲದಲ್ಲಿ. ಪುಟ್ಟನಂಥವನು ಆಚಾರ್ಯನ ಜಗಲಿಗೆ ಕರೆಯಿಲ್ಲದೆ ಬರುವವನಲ್ಲ, ಬಂದರೂ ಹೀಗೆ ಹೆಗಲಿಗೆ ಹೆಗಲು ತಾಗಿಸಿ ಮಾತಾಡುವವನಲ್ಲ. ಜಾತ್ರೆಯ ಪೇಟೆಯಲ್ಲಿ ಆ ಸಲಿಗೆ ತಾನಾಗಿ ಬಂತು. ತೇಜಸ್ವಿಯವರ ‘ಕರ್ವಾಲೊ’ದಲ್ಲಿಯೂ (1980) ಹಾಗೆಯೇ. ಜೇನುತುಪ್ಪಕ್ಕಾಗಿ ಮೂಡಿಗೆರೆಯ ಸೊಸೈಟಿಗೆ ಹೋದ ನಿರೂಪಕನಿಗೆ ತುಪ್ಪದ ಜೊತೆಗೆ ಮಂದಣ್ಣನೂ ಸಿಗುತ್ತಾನೆ. ಕಾದಂಬರಿ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. ಹಿಂದೆ ದಿನಸಿ ತೂಗಿದ ಮೇಲೆ ಅಂಗಡಿಯವನು ಮೇಲಿಷ್ಟು ಸೇರಿಸಿ ಕೊಡುತ್ತಿದ್ದ ‘ಕೊಸರು’ ಇದ್ದಂತೆ, ಈ ಕೃತಿಯಲ್ಲಿ ಮಂದಣ್ಣ ಜೇನಿನ ಮೇಲಿನ ಕೊಸರು.

ಈ ಎರಡು ಉದಾಹರಣೆಗಳಿಂದ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬಹುದು. ಮನೆಗೆ ಹೋಗಬೇಕಾದರೆ ಪರಿಚಯ ಬೇಕು. ಮದುವೆಗೆ ಹೋಗಬೇಕಾದರೆ ಕರೆಯೋಲೆ ಬೇಕು. ಮಠ ಮಸೀದಿಗಳಿಗೆ ಹೋಗುವವರು ಆಯಾ ಮತದವರು. ಯಾರೂ ಕರೆಯದೆ, ನಾಲ್ಕಾಣೆಯ ಸಾಸಿವೆಯ ನೆಪದಲ್ಲಿ ಹೋಗಿ ನಿಂತು, ಬಂಧುವಲ್ಲದ ಇನ್ನೊಬ್ಬನೊಡನೆ ಮಾತಾಡಬಹುದಾದ ಸ್ಥಳ ಅಂಗಡಿಯ ಕಟ್ಟೆ. ಕಾದಂಬರಿಕಾರನಿಗೆ ಬೇಕಾದದ್ದೂ ಇಂಥ ಸ್ಥಳವೇ. ತನ್ನ ಪಾಡಿಗೆ ಬಿಟ್ಟರೆ ಎಂದೂ ಭೇಟಿಯಾಗದ ಇಬ್ಬರನ್ನು ಅವನು ಎದುರುಬದುರು ನಿಲ್ಲಿಸಬೇಕು. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ಹೋಟೆಲು, ಚಿತ್ರಮಂದಿರಗಳು ಮನೆಗಿಂತ ಆಪ್ತವಾಗಿ ಕಾಣುವುದಕ್ಕೂ ಇದೇ ಕಾರಣವಿರಬೇಕು.

ಹಾಗೆಂದು ಹಳೆಯ ಅಂಗಡಿಯನ್ನು ಹೊಗಳುತ್ತ ಕೂರುವುದು ವಿಮರ್ಶೆಯಾಗದು. ದೇವನೂರ ಮಹಾದೇವರ ‘ಒಡಲಾಳ’ವನ್ನು ಓದಿದವರಿಗೆ, ಸಾಹುಕಾರನ ಕಡಲೆಕಾಯಿ ಸಾಕವ್ವನ ಗುಡಿಸಲಿಗೆ ಬಂದದ್ದು ತಕ್ಕಡಿಯ ದಾರಿಯಿಂದಲ್ಲ ಎಂಬುದು ನೆನಪಿರುತ್ತದೆ. ಕಟ್ಟೆ ಎಲ್ಲರದೂ ಆಗಿರಲಿಲ್ಲ. ಕೆಲವರು ಅದರ ಮೇಲೆ ಕುಳಿತರು, ಕೆಲವರು ಕೆಳಗೆ ನಿಂತು ಸೆರಗೊಡ್ಡಿದರು. ಉದ್ರಿಯ ಪುಸ್ತಕದಲ್ಲಿ ವಿಶ್ವಾಸವಿದ್ದಂತೆಯೇ ಹಿಡಿತವೂ ಇತ್ತು. ಬಾಕಿ ಉಳಿಸಿಕೊಂಡವನು ಬೇರೆ ಅಂಗಡಿಗೆ ಹೋಗುವಂತಿಲ್ಲ, ಬೆಲೆ ಕೇಳುವಂತಿಲ್ಲ. ಯಾವ ಮನೆಯ ಹುಡುಗಿ ಯಾವ ಹೊತ್ತಿಗೆ ಯಾರೊಡನೆ ನಡೆದಳು ಎಂಬ ವರದಿಯೂ ಆ ಕಟ್ಟೆಯಿಂದಲೇ ಊರಿಗೆಲ್ಲ ಹಬ್ಬುತ್ತಿತ್ತು. ದೊಡ್ಡ ಮಳಿಗೆಯಲ್ಲಿ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತವಳನ್ನು ಯಾರೂ ಅವಳ ಕುಲ ಕೇಳುವುದಿಲ್ಲ. ತಲೆಮಾರುಗಟ್ಟಲೆ ಕೆಳಗೆ ನಿಂತವರಿಗೆ ಈ ಅನಾಮಿಕತೆ ಒಂದು ಬಿಡುಗಡೆ. ಅಂಗಡಿ ಮುಚ್ಚಿದ್ದಕ್ಕೆ ಅಳುವವರು ಇದನ್ನು ಮರೆತರೆ, ಅದು ಕಟ್ಟೆಯ ಮೇಲೆ ಕುಳಿತವರ ಅಳು ಮಾತ್ರ ಆದೀತು.

ಈ ಎರಡು ಮುಖಗಳನ್ನೂ ಬಲ್ಲ ಕೃತಿ ನಮ್ಮಲ್ಲಿದೆಯೇ? ಹತ್ತಿರಕ್ಕೆ ಬರುವ ಒಂದನ್ನು ಹೆಸರಿಸಬಹುದು: ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಅಂಗಡಿಯಿಂದ ಅಂಗಡಿಗೆ ಚಹಾಪುಡಿ ಮುಟ್ಟಿಸಿ ಹಣ ವಸೂಲು ಮಾಡುವ ತಂದೆ. ರಾತ್ರಿ ಲೆಕ್ಕ ತಾಳೆಯಾಗದಿದ್ದರೆ ಅದನ್ನು ಹುಡುಕಲು ಕೂರುವ ಇಡೀ ಮನೆ. ರೈಲುಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆಗಳಿದ್ದ ಚಿಕ್ಕ ಬಾಡಿಗೆಮನೆ. ತಂದೆಯ ಕೆಲಸ ಹೋಗುತ್ತದೆ. ಚಿಕ್ಕಪ್ಪ ಕೇರಳದಿಂದ ಸಾಂಬಾರ ಪದಾರ್ಥಗಳನ್ನು ಸಗಟಾಗಿ ತರಿಸಿ, ಸಣ್ಣ ಪೊಟ್ಟಣಗಳಲ್ಲಿ ತುಂಬಿ ಮಾರುವ ‘ಸೋನಾ ಮಸಾಲಾ’ವನ್ನು ಆರಂಭಿಸುತ್ತಾನೆ. ಹಣ ಹರಿದುಬರುತ್ತದೆ, ಸಂಸಾರ ನಗರದ ಇನ್ನೊಂದು ಭಾಗದ ದೊಡ್ಡ ಮನೆಗೆ ಹೋಗುತ್ತದೆ. ಅಲ್ಲಿ ಪ್ರತಿಯೊಬ್ಬರಿಗೂ ಕೋಣೆಯಿದೆ. ಎಲ್ಲರೂ ಕೂಡಿ ಲೆಕ್ಕ ನೋಡುವ ಅಗತ್ಯವೇ ಇಲ್ಲ.

ಈ ಕೃತಿಯನ್ನು ಹಣ ಮನುಷ್ಯರನ್ನು ಕೆಡಿಸುವ ಕಥೆಯೆಂದು ಹಲವರು ಓದಿದ್ದಾರೆ. ಆ ಓದು ತಪ್ಪಲ್ಲ. ಆದರೆ ಅದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕೆಂದು ನನಗೆ ತೋರುತ್ತದೆ. ಈ ಸಂಸಾರದ ಐಶ್ವರ್ಯದ ಮೂಲ ಪೊಟ್ಟಣ. ಪೊಟ್ಟಣ ಬಂದಲ್ಲಿ ತಕ್ಕಡಿಗೆ ಕೆಲಸವಿಲ್ಲ. ತಕ್ಕಡಿಯಿಲ್ಲದಲ್ಲಿ ಕೊಸರಿಲ್ಲ, ಚೌಕಾಸಿಯಿಲ್ಲ, ಮಾತಿಲ್ಲ. ಅರಿಸಿನ ಜೀರಿಗೆಗಳನ್ನು ಅಳೆದು ಅಂಟಿಸಿ ಮಾರಿದ ಮನೆ ಕೊನೆಗೆ ತಾನೂ ಅಂಟಿಸಿದ ಪೊಟ್ಟಣದಂತಾಗುತ್ತದೆ: ಒಳಗಿನದು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಈ ಮನೆ ನಡೆಸಿಕೊಳ್ಳುವ ರೀತಿಯಲ್ಲಿ ಅದರ ಕ್ರೌರ್ಯ ಬಯಲಾಗುತ್ತದೆ. ನಿರೂಪಕ ನೆಮ್ಮದಿಗಾಗಿ ಓಡಿಹೋಗುವುದು ಒಂದು ಕಾಫಿ ಹೌಸಿಗೆ. ಅವನ ಮನಸ್ಸನ್ನು ಬಲ್ಲವನಂತೆ ಕಾಣುವವನು ಅಲ್ಲಿಯ ವಿನ್ಸೆಂಟ್. ಕರೆಯದೆ ಹೋಗಬಹುದಾದ ಸ್ಥಳ ಅವನಿಗೆ ಉಳಿದಿರುವುದು ಅದೊಂದೇ.

ಕೃತಿಯ ಮಿತಿಯನ್ನೂ ಹೇಳಬೇಕು. ಸೋನಾ ಮಸಾಲಾದ ಪೊಟ್ಟಣಗಳು ತೂಗುಬಿದ್ದ ಅಂಗಡಿಯ ಒಳಗನ್ನು ಅದು ಹೊಕ್ಕು ನೋಡುವುದಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನ ಬಾಳು ಏನಾಯಿತು? ಪಾತ್ರವಾಗಿ ಅವನು ಇಲ್ಲಿಲ್ಲ. ನಮ್ಮ ಸಾಹಿತ್ಯದಲ್ಲಿ ರೈತನಿದ್ದಾನೆ, ಮೇಷ್ಟ್ರಿದ್ದಾರೆ, ಗುಮಾಸ್ತನಿದ್ದಾನೆ. ಸಾಹುಕಾರನೆಂದರೆ ಬಡ್ಡಿಯವನು, ಖಳನಾಯಕ. ಬೆಳಗಿನ ಆರು ಗಂಟೆಗೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುವ, ತಾನೇ ಮಂಡಿಯಲ್ಲಿ ಸಾಲಗಾರನಾದ ಸಣ್ಣ ಅಂಗಡಿಕಾರ ಕಥಾನಾಯಕನಾದದ್ದು ತೀರ ಅಪರೂಪ.

ಇದು ಏಕೆ ಮುಖ್ಯ ಎಂಬುದಕ್ಕೆ ಹರಿಹರವನ್ನು ನೋಡಬೇಕು. ಇಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಲೇತ್ ಯಂತ್ರಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟ ಆ ಕಾರ್ಖಾನೆ ಈ ಶತಮಾನದ ಆರಂಭದ ಹೊತ್ತಿಗೆ ನಿಂತುಹೋಯಿತು. ಕಾರ್ಖಾನೆಯ ಊರಿನಲ್ಲಿ ಸಂಬಳದ ದಿನವೇ ಉದ್ರಿ ತೀರುವ ದಿನ. ಸಂಬಳ ನಿಂತಾಗ ಮೊದಲು ತಿಳಿಯುವುದು ಕಿರಾಣಿ ಅಂಗಡಿಗೆ. ‘ಈ ತಿಂಗಳು ಸ್ವಲ್ಪ ತಡೀರಿ ಸಾವ್ಕಾರ್ರೆ’ ಎಂಬ ಮಾತನ್ನು ಮೊದಲು ಕೇಳುವವನು ಅವನು. ಕಾರ್ಖಾನೆಯ ಇತಿಹಾಸವನ್ನು ದಾಖಲೆಗಳಿಂದ ಬರೆಯಬಹುದು. ಅದು ನಿಂತ ಮೇಲೆ ಮನೆಮನೆಗಳಲ್ಲಿ ಏನಾಯಿತೆಂಬುದನ್ನು ಬರೆಯಬೇಕಾದರೆ ಅಂಗಡಿಯ ಖಾತೆ ಪುಸ್ತಕ ಬೇಕು. ದಾವಣಗೆರೆಯ ಹತ್ತಿ ಗಿರಣಿಗಳ ಮಾತೂ ಇದೇ. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಶಾಸನಸಭೆಗೆ ಕಳಿಸಿದ ಕಾರ್ಮಿಕರ ಊರು ಇದು. ಗಿರಣಿಗಳ ಸಿಳ್ಳು ನಿಂತ ಮೇಲೆ ಆ ಕೇರಿಗಳನ್ನು ಕೆಲಕಾಲ ಹಿಡಿದಿಟ್ಟದ್ದು ಮಂಡಕ್ಕಿ ಭಟ್ಟಿ ಮತ್ತು ಉದ್ರಿ ಕೊಟ್ಟ ಅಂಗಡಿ. ಖಾತೆ ಪುಸ್ತಕಗಳು ರದ್ದಿಗೆ ಹೋಗುವ ಮೊದಲು ನಮ್ಮ ಲೇಖಕರು ಆ ಅಂಗಡಿಕಾರರ ಬಳಿ ಹೋಗಿ ಕೂರಬೇಕು. ಇನ್ನು ಹತ್ತು ವರ್ಷ ಕಳೆದರೆ ಕೇಳಲು ಯಾರೂ ಇರುವುದಿಲ್ಲ.

ಮುಂದೇನು ಎಂಬ ಪ್ರಶ್ನೆ ಉಳಿಯುತ್ತದೆ. 2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 4.35 ಲಕ್ಷ, ಹರಿಹರದ್ದು ಸುಮಾರು 83 ಸಾವಿರ. ನಡುವೆ 14 ಕಿಲೋಮೀಟರಿನಷ್ಟು ದಾರಿ. ಹಳೆಯ ಪಿ.ಬಿ. ರಸ್ತೆಯ ಉದ್ದಕ್ಕೂ ಬಡಾವಣೆಗಳು ಬೆಳೆದು ಎರಡೂ ಊರುಗಳು ಕೈ ಚಾಚುತ್ತಿವೆ. ನಗರಾಭಿವೃದ್ಧಿ ಪ್ರಾಧಿಕಾರಕ್ಕಂತೂ ‘ದಾವಣಗೆರೆ-ಹರಿಹರ’ ಎಂದು ಒಂದೇ ಹೆಸರು. ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಇಬ್ಬರು ದೇವರು ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ. ಎರಡು ಊರು ಒಂದಾಗುವುದು ಅಷ್ಟು ಸುಲಭವಲ್ಲ. ಮನೆಗಳು ಒಂದಕ್ಕೊಂದು ತಾಗಿದ ಮಾತ್ರಕ್ಕೆ ಜನ ಒಂದಾಗುವುದಿಲ್ಲ. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಜಾಗವಿರುತ್ತದೆ, ನಾಗರಿಕ ಸೌಲಭ್ಯಕ್ಕೆ ನಿವೇಶನವಿರುತ್ತದೆ. ಸಂಜೆಯ ಹೊತ್ತು ಸುಮ್ಮನೆ ಹೋಗಿ ನಿಲ್ಲುವ ಕಟ್ಟೆಗೆ ನಕ್ಷೆಯಲ್ಲಿ ಬಣ್ಣವಿಲ್ಲ.

ಆದರೂ ಜನ ನಕ್ಷೆಯನ್ನು ಕೇಳಿ ಬದುಕುವುದಿಲ್ಲ. ದಾವಣಗೆರೆಯ ಬೆಣ್ಣೆದೋಸೆ ನಾಟಕ ನೋಡಲು ಬಂದವರಿಗಾಗಿ ಚೆನ್ನಮ್ಮ ಎಂಬ ಹೆಂಗಸು ಹಾಕಿದ ಒಲೆಯಿಂದ ಹುಟ್ಟಿತೆಂದು ಊರವರು ಹೇಳುತ್ತಾರೆ. ಯಾವ ಪ್ರಾಧಿಕಾರವೂ ಅದಕ್ಕೆ ನಿವೇಶನ ಕೊಟ್ಟಿರಲಿಲ್ಲ. ಹೊಸ ಬಡಾವಣೆಗಳಲ್ಲಿಯೂ ಕಾರಿಗೆಂದು ಕಟ್ಟಿಸಿದ ಶೆಡ್ಡಿನಲ್ಲಿ ಹಾಲು, ಹೂವು, ಕೊತ್ತಂಬರಿ ಮಾರುವ ಮನೆಗಳು ಅಲ್ಲಲ್ಲಿ ಕಾಣುತ್ತವೆ. ಮಂಡಕ್ಕಿ ಮೆಣಸಿನಕಾಯಿಯ ಗಾಡಿ ಎಲ್ಲಿ ನಿಂತರೆ ಅಲ್ಲಿ ಹತ್ತು ಜನ. ಇವುಗಳನ್ನು ಒತ್ತುವರಿಯೆಂದು ಎತ್ತಿಸುವ ಮುನ್ನ ಅಧಿಕಾರಿಗಳು ಒಂದು ಗಳಿಗೆ ಯೋಚಿಸಲಿ. ಪ್ರತಿ ಬಡಾವಣೆಯಲ್ಲಿ ಒಂದು ಸಣ್ಣ ಸಂತೆಯ ಜಾಗ, ನೆರಳು, ಕಲ್ಲಿನ ಬೆಂಚು ಇಡುವುದು ದೊಡ್ಡ ಖರ್ಚಿನ ಮಾತಲ್ಲ. ಅದರ ಕಟ್ಟೆ ಹಳೆಯದರಂತಿರದೆ, ಎಲ್ಲರೂ ಒಂದೇ ಎತ್ತರದಲ್ಲಿ ಕೂರುವಂತಿರಲಿ.

ಕಾದಂಬರಿಕಾರರಿಗೆ ಹೇಳಬೇಕಾದದ್ದೂ ಇದಕ್ಕಿಂತ ಬೇರೆಯಲ್ಲ. ಬಡಾವಣೆಯ ಒಂಟಿತನವನ್ನು ಕುರಿತು ನಾವು ಸಾಕಷ್ಟು ಬರೆದಿದ್ದೇವೆ. ಮಹಡಿಯ ಕಿಟಕಿಯಿಂದ ಇಳಿದು, ಶೆಡ್ಡಿನಲ್ಲಿ ಹೂವು ಕಟ್ಟುತ್ತ ಕುಳಿತವಳೊಡನೆ ಎರಡು ಮಾತು ಆಡಿದರೆ ಮುಂದಿನ ಕನ್ನಡ ಕಾದಂಬರಿಗೆ ಬೇಕಾದ ಮಂದಣ್ಣ ಅಲ್ಲಿ ಸಿಕ್ಕಾನು.